ಅರ್ಧಕ್ಕೆ ನಿಂತ ಗೊಂಬೆ ಸೈನ್ಯವನ್ನು ಮುಗಿಸುವುದು ಹೇಗೆ: ಮಲೆನಾಡಿನ ಹವೆಗೆ ಹೊಂದುವ ಸಮಗ್ರ ಮಾರ್ಗದರ್ಶಿ

ವಾರ್‌ಗೇಮ್, ಅಂದರೆ ಮೇಜಿನ ಮೇಲೆ ಸಣ್ಣ ಸೈನಿಕ ಗೊಂಬೆಗಳನ್ನಿಟ್ಟು ಯುದ್ಧದ ಆಟ, ಆಡುವವರ ಮನೆಯಲ್ಲಿ ಪೂರ್ತಿ ಬಣ್ಣ ಕಂಡ ಗೊಂಬೆಗಳಿಗಿಂತ ಅರ್ಧಕ್ಕೆ ನಿಂತವೇ ಹೆಚ್ಚಿರುತ್ತವೆ. ಒಂದು ಡಬ್ಬಿಯಲ್ಲಿ ಕಪ್ಪು ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹಾಕುವ ಪದರ) ಮಾತ್ರ ಬಿದ್ದ ಸಿಪಾಯಿಗಳು. ಇನ್ನೊಂದರಲ್ಲಿ ಕೋಟಿಗೆ ಕೆಂಪು ಹಚ್ಚಿಸಿಕೊಂಡು ಮುಖಕ್ಕೆ ಬಣ್ಣವಿಲ್ಲದವರು. ಮತ್ತೊಂದರಲ್ಲಿ ಎಲ್ಲ ಮುಗಿದು ಬೇಸ್ (ಗೊಂಬೆ ನಿಲ್ಲುವ ಅಡಿಹಲಗೆ) ಒಂದೇ ಬಾಕಿ ಇರುವ ಕುದುರೆ ಸವಾರರು. ಇವಿಷ್ಟನ್ನೂ ಒಂದೇ ರಾಶಿಯೆಂದು ನೋಡಿದರೆ ಕುಂಚ ಹಿಡಿಯಲು ಕೈ ಏಳುವುದಿಲ್ಲ.

ಇಲ್ಲಿ ಹೇಳುವ ಕ್ರಮ ಎರಡು ಮಾತಿನ ಮೇಲೆ ನಿಂತಿದೆ. ಗೊಂಬೆಗಳನ್ನು ಯಾವ ಸೈನ್ಯದವೆಂದು ನೋಡದೆ, ಮುಂದೆ ಆಗಬೇಕಾದ ಕೆಲಸ ಯಾವುದೆಂದು ನೋಡಿ ವಿಂಗಡಿಸಿ. ಯಾವ ಕೆಲಸ ಯಾವ ತಿಂಗಳಲ್ಲಿ ಎಂಬುದನ್ನು ನಮ್ಮ ಮಳೆಗೆ ಬಿಡಿ. ಎರಡನೆಯದನ್ನು ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯವರಿಗಾಗಿಯೇ ಒತ್ತಿ ಹೇಳುತ್ತಿದ್ದೇನೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ. ಒಣ ಹವೆಯ ಊರಿನವರು ಯೂಟ್ಯೂಬಿನಲ್ಲಿ ತೋರಿಸುವ ವೇಳಾಪಟ್ಟಿ ಇಲ್ಲಿ ನಡೆಯುವುದಿಲ್ಲ.

ಉದಾಹರಣೆಗೆ ಉದ್ದಕ್ಕೂ ನಮ್ಮ ಜಿಲ್ಲೆಯದೇ ಒಂದು ಕಾಳಗವನ್ನು ಇಟ್ಟುಕೊಳ್ಳೋಣ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಅದಕ್ಕೆ ನಗರ ಎಂಬ ಹೆಸರು ಬಂತು. 1783ರ ಜನವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜನರಲ್ ಮ್ಯಾಥ್ಯೂಸ್ ಅದನ್ನು ಹಿಡಿದ, ಅದೇ ಬೇಸಿಗೆಯಲ್ಲಿ ಟಿಪ್ಪು ಮುತ್ತಿಗೆ ಹಾಕಿ ಮರಳಿ ಪಡೆದ. ಇದನ್ನು 28 ಮಿ.ಮೀ. ಗೊಂಬೆಗಳಲ್ಲಿ ಆಡಲು ಒಂದು ಕಡೆ ಮೈಸೂರು ಪದಾತಿ, ಸವಾರರು, ಬಾಣ (ರಾಕೆಟ್) ಹಾರಿಸುವವರು ಬೇಕು. ಇನ್ನೊಂದು ಕಡೆ ಕೆಂಪು ಕೋಟಿನ ಕಂಪನಿ ಸಿಪಾಯಿಗಳು ಬೇಕು. ನೂರಿನ್ನೂರು ಗೊಂಬೆ ಸುಲಭವಾಗಿ ಆಗುತ್ತದೆ, ಅಷ್ಟೇ ಸುಲಭವಾಗಿ ನಡುವೆ ನಿಲ್ಲುತ್ತದೆ. ನಿಮ್ಮದು ವಾರ್‌ಹ್ಯಾಮರ್ (ಕಲ್ಪಿತ ಲೋಕದ ಯುದ್ಧದ ಆಟ) ಆಗಿರಲಿ, 1/72 ಅಳತೆಯ ಪ್ಲಾಸ್ಟಿಕ್ ಆಗಿರಲಿ, ಕ್ರಮ ಇದೇ.

ಎಲ್ಲವನ್ನೂ ಒಮ್ಮೆಗೇ ಹೊರಗೆ ತೆಗೆಯಿರಿ

ಒಂದು ಒಣ ದಿನ ನೋಡಿ ಅಟ್ಟ, ಕಪಾಟು, ಮಂಚದ ಕೆಳಗೆ, ಪುಸ್ತಕದ ಹಿಂದೆ ಇರುವ ಎಲ್ಲ ಡಬ್ಬಿಗಳನ್ನೂ ಜಗುಲಿಗೆ ತನ್ನಿ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದರೆ ಬಿದ್ದ ಕೈ, ಕತ್ತಿ, ಬಂದೂಕಿನ ತುಂಡು ಕಣ್ಣಿಗೆ ಬೀಳುತ್ತದೆ. ಆ ದಿನ ಕುಂಚ ಮುಟ್ಟಬೇಡಿ. ಫೋಟೋ ತೆಗೆಯಿರಿ, ಎಣಿಸಿ, ಬರೆದಿಡಿ. ತಲೆಯಲ್ಲಿ "ಬಹಳ ಇದೆ" ಎಂದು ಕುಳಿತಿದ್ದದ್ದು ಹಾಳೆಯ ಮೇಲೆ "ಹದಿನೆಂಟು ಸಿಪಾಯಿಗಳಿಗೆ ಬೇಸ್ ಬಾಕಿ" ಎಂದಾಗ ಮಾಡಬಹುದಾದ ಕೆಲಸವಾಗಿ ಕಾಣುತ್ತದೆ.

ಆಮೇಲೆ ಗುಂಪು ಮಾಡಿ. ಅಚ್ಚಿನ ಗೆರೆ ಕೆರೆದಿಲ್ಲದ, ಅಂಟಿಸಿಲ್ಲದ ಗೊಂಬೆಗಳು ಒಂದು ಕಡೆ. ಅಂಟಿಸಿದ್ದು ಪ್ರೈಮರ್ ಕಾಣದವು ಇನ್ನೊಂದು ಕಡೆ. ಪ್ರೈಮರ್ ಮಾತ್ರ ಆದವು, ಮೂಲ ಬಣ್ಣ ಶುರುವಾದವು, ವಾಶ್ (ಸಂದುಗಳಿಗೆ ಇಳಿದು ನೆರಳು ಕೊಡುವ ತೆಳು ಬಣ್ಣ) ಆಗಿ ಹೈಲೈಟ್ (ಉಬ್ಬಿದ ಜಾಗಕ್ಕೆ ಕೊಡುವ ತಿಳಿ ಬಣ್ಣ) ಬಾಕಿ ಇರುವವು, ಬೇಸ್ ಮತ್ತು ವಾರ್ನಿಶ್ ಮಾತ್ರ ಉಳಿದವು ಬೇರೆ ಬೇರೆ. ಬಣ್ಣ ದಪ್ಪ ಕೂತು ಮುಖದ ಗೆರೆಗಳೆಲ್ಲ ಮುಚ್ಚಿಹೋದವನ್ನು ಪ್ರತ್ಯೇಕ ಇಡಿ, ಅವಕ್ಕೆ ಬೇರೆ ದಾರಿಯಿದೆ. ಇನ್ನೊಂದು ಗುಂಪನ್ನು ಧೈರ್ಯ ಮಾಡಿ ಮಾಡಲೇಬೇಕು: ನಿಮಗೆ ಇನ್ನು ಬೇಡವಾದದ್ದು. ಆಸೆಯಿಂದ ತಂದು ಈಗ ಮನಸ್ಸು ಹೋಗದ ಸೈನ್ಯ ಅದು. ಅದನ್ನು ಆಡುವ ಬೇರೆಯವರಿಗೆ ಕೊಡಿ, ಬದಲಿಗೆ ನಿಮಗೆ ಬೇಕಾದ ಬಣ್ಣವನ್ನೋ ಕುದುರೆಯನ್ನೋ ತೆಗೆದುಕೊಳ್ಳಿ. ಈ ಗುಂಪು ಮನೆ ಬಿಟ್ಟ ದಿನ ಉಳಿದ ಕೆಲಸ ಹಗುರವಾಗುತ್ತದೆ.

ಒಂದೇ ತುಕಡಿಯ ಗೊಂಬೆಗಳು ನಾಲ್ಕು ಗುಂಪಿಗೆ ಹಂಚಿಹೋದರೆ ಚಿಂತೆ ಬೇಡ. ಬೇಸಿನ ಅಡಿಗೆ ತುಕಡಿಯ ಹೆಸರು ಬರೆದ ಚೀಟಿ ಅಂಟಿಸಿದರೆ ಕೊನೆಗೆ ಮತ್ತೆ ಕೂಡಿಸಿಕೊಳ್ಳಬಹುದು.

ತೇವ ಏನು ಮಾಡಿದೆ ನೋಡಿ

ಮಲೆನಾಡಿನಲ್ಲಿ ಒಂದೆರಡು ಮಳೆಗಾಲ ಕಳೆದ ಡಬ್ಬಿಯನ್ನು ತೆರೆದ ಕೂಡಲೇ ಬಣ್ಣ ಹಚ್ಚಲು ಕೂರಬಾರದು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಸುಗಳು ತೇವ ಹೀರಿ ಊದಿರುತ್ತವೆ, ಅಂಚಿನಲ್ಲಿ ಬೂಷ್ಟು ಹಿಡಿದಿರುತ್ತದೆ. ಊದಿದ್ದನ್ನು ಕಿತ್ತು ಹೊಸದು ಹಾಕುವುದೇ ಸರಿ. ಸ್ಪಂಜಿನ ಟ್ರೇಯಲ್ಲಿ ಮಲಗಿಸಿದ್ದ ಗೊಂಬೆಗೆ ಸ್ಪಂಜು ಅಂಟಿ ಬಣ್ಣ ಎದ್ದಿರಬಹುದು. ಪ್ರೈಮರನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಪದರವಾಗಿ ಏಳುವುದಾದರೆ ಅದರ ಮೇಲೆ ಎಷ್ಟು ಶ್ರಮಪಟ್ಟರೂ ವ್ಯರ್ಥ, ಬಣ್ಣ ಕೀಳಬೇಕಾದವುಗಳ ಗುಂಪಿಗೆ ಹಾಕಿ.

ಫೆವಿಕ್ವಿಕ್ ಹಾಕಿದ ಸಂದಿನ ಸುತ್ತ ಬೆಳ್ಳಗೆ ಹೊಗೆ ಕಟ್ಟಿದಂತೆ ಕಂಡರೆ ಹೆದರಬೇಡಿ. ಅಂಟಿನ ಆವಿ ಗಾಳಿಯ ತೇವಕ್ಕೆ ಸೇರಿ ಹತ್ತಿರದ ಮೈಮೇಲೆ ಕೂತದ್ದು ಅದು. ಬಣ್ಣದಲ್ಲಿ ಮುಚ್ಚಿಹೋಗುತ್ತದೆ.

ಹಳೆಯ ಲೋಹದ ಗೊಂಬೆಗಳ ಮೇಲೆ ಬಿಳಿ ಪುಡಿ ಕಂಡರೆ ಮಾತ್ರ ಎಚ್ಚರವಾಗಿರಿ. ಹಿಂದೆ ಸೀಸ ಹೆಚ್ಚಿರುವ ಮಿಶ್ರಲೋಹದಲ್ಲಿ ಎರಕ ಹೊಯ್ಯುತ್ತಿದ್ದರು. ಮರ, ಪ್ಲೈವುಡ್, ಎಂಡಿಎಫ್ ಹೊರಬಿಡುವ ಆಮ್ಲದ ಆವಿ ಮುಚ್ಚಿದ ಕಪಾಟಿನಲ್ಲಿ ತೇವದ ಜೊತೆ ಸೇರಿ ಸೀಸವನ್ನು ಕಾರ್ಬೊನೇಟ್ ಪುಡಿಯಾಗಿಸುತ್ತದೆ. ಅದು ವಿಷ. ಒಣ ಬ್ರಶ್ಶಿನಿಂದ ಉಜ್ಜಿ ಧೂಳೆಬ್ಬಿಸಬೇಡಿ, ಗ್ಲೌಸ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನು ಎಸೆಯಿರಿ, ಕೈ ಸೋಪಿನಲ್ಲಿ ತೊಳೆಯಿರಿ. ಮಕ್ಕಳ ಕೈಗೂ ಅಡುಗೆಮನೆಗೂ ದೂರವಿರಲಿ. ಒಳಗೆ ಗಟ್ಟಿ ಇದ್ದರೆ ಚೆನ್ನಾಗಿ ಒಣಗಿಸಿ ಪ್ರೈಮರ್ ಹಾಕಿ, ಮುಂದೆ ಮರದ ಕಪಾಟಿನಲ್ಲಿ ಇಡಬೇಡಿ. ಈಗ ಬರುವ ಲೋಹದ ಗೊಂಬೆಗಳಲ್ಲಿ ಹೆಚ್ಚಿನವು ಸೀಸವಿಲ್ಲದ ತವರದ ಮಿಶ್ರಣ, ಅವಕ್ಕೆ ಈ ಭಯವಿಲ್ಲ.

ಎಷ್ಟು ಚೆಂದ ಬೇಕೆಂದು ಮೊದಲೇ ತೀರ್ಮಾನಿಸಿ

ಸಾಲಿನಲ್ಲಿ ನಿಲ್ಲುವ ಸಿಪಾಯಿಗೆ ಮೂಲ ಬಣ್ಣ, ಒಂದು ವಾಶ್, ಮುಖ ಮತ್ತು ಭುಜಕ್ಕೆ ಒಂದು ಹೈಲೈಟ್ ಸಾಕು. ಮೇಜಿನ ಮೇಲೆ ಅವನನ್ನು ನೋಡುವುದು ಒಂದು ಮೀಟರ್ ದೂರದಿಂದ. ನಾಯಕರಿಗೆ, ಬಾವುಟ ಹಿಡಿದವನಿಗೆ, ಆನೆಗೆ ಹೆಚ್ಚು ಸಮಯ ಕೊಡಿ, ಕಣ್ಣು ಹೋಗುವುದು ಅಲ್ಲಿಗೇ. ಪ್ರತಿ ತುಕಡಿಯ ಚೀಟಿಯಲ್ಲಿ ಈ ಮಟ್ಟವನ್ನು ಬರೆದುಬಿಡಿ. ನನ್ನ ತಿಳಿವಳಿಕೆಯಲ್ಲಿ ಗೊಂಬೆಗಳು ಅರ್ಧಕ್ಕೆ ನಿಲ್ಲುವುದಕ್ಕೆ ಸೋಮಾರಿತನ ಕಾರಣವಲ್ಲ. ಮೊದಲ ಐದು ಗೊಂಬೆಗೆ ಕಣ್ಣಿನ ಪಾಪೆಯವರೆಗೆ ಬಿಡಿಸಿ, ಉಳಿದ ಮೂವತ್ತಕ್ಕೂ ಅದೇ ಆಗಬೇಕೆಂದು ಪಟ್ಟು ಹಿಡಿಯುವುದು ಕಾರಣ.

ಶುರು ಮಾಡುವುದು ಕೊನೆಯಿಂದ

ಬೇಸ್ ಮತ್ತು ವಾರ್ನಿಶ್ ಮಾತ್ರ ಬಾಕಿ ಇರುವ ಗುಂಪನ್ನು ಮೊದಲು ಎತ್ತಿಕೊಳ್ಳಿ. ಅದು ಮುಗಿದ ಮೇಲೆ ಹೈಲೈಟ್ ಬಾಕಿ ಇರುವವು, ಆಮೇಲೆ ಮೂಲ ಬಣ್ಣ ಅರ್ಧವಾದವು, ಹೀಗೆ ಹಿಂದಕ್ಕೆ ಬನ್ನಿ. ಹೊಸ ಡಬ್ಬಿಯ ಗೊಂಬೆಗಳು ಕೈ ಬೀಸಿ ಕರೆಯುತ್ತವೆ, ಆದರೂ ಅವುಗಳ ಸರದಿ ಕೊನೆಗೇ ಬರಲಿ. ಎರಡು ಸಂಜೆಯಲ್ಲಿ ಹನ್ನೆರಡು ಸವಾರರು ಆಟಕ್ಕೆ ಸಿದ್ಧವಾಗಿ ನಿಂತರೆ ಅವರನ್ನು ಇಟ್ಟು ಆಡಬಹುದು, ಡಬ್ಬಿ ಖಾಲಿಯಾಗುತ್ತದೆ, ಮುಗಿದ ಗೊಂಬೆ ಕಣ್ಣ ಮುಂದೆ ಇರುವುದರಿಂದ ಅದೇ ತುಕಡಿಯ ಅರ್ಧ ಗೊಂಬೆಗಳಿಗೆ ಮಾದರಿಯೂ ಸಿಗುತ್ತದೆ.

ಮರೆತುಹೋದ ಬಣ್ಣವನ್ನು ಹುಡುಕುವುದು

ಅರ್ಧ ಬಳಿದ ಗೊಂಬೆಗಳಲ್ಲಿ ಅತಿ ದೊಡ್ಡ ತೊಡಕು ಇಲ್ಲಿದೆ. ಹತ್ತು ಸಿಪಾಯಿಗಳ ಕೋಟು ಮುಗಿದಿದೆ, ಹದಿನಾಲ್ಕು ಬಾಕಿ ಇವೆ. ಆ ಕೆಂಪು ಯಾವ ಬಾಟಲಿಯದು, ಅದಕ್ಕೆ ಕಂದು ಬೆರೆಸಿದ್ದೇ, ಎಷ್ಟು? ನೆನಪಿಲ್ಲ. ಬಾಟಲಿ ಒಣಗಿಯೂ ಹೋಗಿರಬಹುದು.

ಮೊದಲು ಕೈಯಲ್ಲಿರುವ ಎಲ್ಲ ಕೆಂಪುಗಳನ್ನೂ ಅದೇ ಪ್ರೈಮರ್ ಹಾಕಿದ ಪ್ಲಾಸ್ಟಿಕ್ ತುಂಡಿನ ಮೇಲೆ ಪಕ್ಕಪಕ್ಕ ಹಚ್ಚಿ. ಗೊಂಬೆ ಬಂದ ಚೌಕಟ್ಟಿನ ಉಳಿಕೆ ಇದಕ್ಕೆ ಸರಿಯಾಗುತ್ತದೆ. ಕಾಗದದ ಮೇಲೆ ನೋಡಿದರೆ ಮೋಸವಾಗುತ್ತದೆ, ಯಾಕೆಂದರೆ ಕಪ್ಪು ಪ್ರೈಮರ್ ಮೇಲಿನ ಕೆಂಪು ಬೇರೆ, ಬಿಳಿಯ ಮೇಲಿನದು ಬೇರೆ. ಹಸಿಯಿದ್ದಾಗ ಕಾಣುವುದು ಒಂದು, ಒಣಗಿದ ಮೇಲೆ ಉಳಿಯುವುದು ಇನ್ನೊಂದು. ಪೂರ್ತಿ ಒಣಗಲು ಬಿಟ್ಟು, ಅದಕ್ಕೂ ವಾಶ್ ಕೊಟ್ಟು, ಹಗಲು ಬೆಳಕಿನಲ್ಲಿ ಹಳೆಯ ಗೊಂಬೆಯ ಪಕ್ಕ ಹಿಡಿಯಿರಿ. ಮೋಡ ಕವಿದ ಹಗಲಾದರೂ ಬಲ್ಬಿನ ಹಳದಿ ಬೆಳಕಿಗಿಂತ ವಾಸಿ.

ಹೊಂದಿದರೆ ಸರಿ. ಹತ್ತಿರ ಹತ್ತಿರ ಬಂದು ಹೊಂದದಿದ್ದರೆ ಬೆನ್ನು ಹತ್ತಬೇಡಿ. ಇಪ್ಪತ್ನಾಲ್ಕೂ ಗೊಂಬೆಗಳ ಕೋಟಿಗೆ ಈಗಿನ ಬಣ್ಣದ ಹೈಲೈಟನ್ನೇ ಕೊಡಿ. ಮೇಲಿನ ಬಣ್ಣ ಒಂದಾದರೆ ಕೆಳಗಿನ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಇಲ್ಲವೇ ಎಲ್ಲಕ್ಕೂ ಒಂದೇ ಕಂದು ವಾಶ್ ಎಳೆಯಿರಿ. ಆ ಕಾಲದ ದಂಡಿನ ಕೋಟುಗಳು ಬಿಸಿಲು ಮಳೆಗೆ ಬೇರೆ ಬೇರೆಯಾಗಿ ಮಾಸುತ್ತಿದ್ದವು, ಸಣ್ಣ ವ್ಯತ್ಯಾಸ ಸೈನ್ಯಕ್ಕೆ ಜೀವ ಕೊಡುತ್ತದೆ. ಒಂದನ್ನು ಮಾತ್ರ ಮಾಡಬೇಡಿ: ಹೊಂದುವ ಹಳೆಯವರನ್ನು ಒಂದು ಸಾಲು, ಹೊಸಬರನ್ನು ಒಂದು ಸಾಲು ಎಂದು ನಿಲ್ಲಿಸಬೇಡಿ. ಬೆರೆಸಿ ನಿಲ್ಲಿಸಿ.

ಇಂದಿನಿಂದ ಪ್ರತಿ ತುಕಡಿಗೂ ಬಣ್ಣದ ಚೀಟಿ ಇರಲಿ. ಬಾಟಲಿಯ ಹೆಸರು, ನಂಬರು, ಬೆರೆಸಿದ ಪ್ರಮಾಣ, ಯಾವ ವಾಶ್ ಎಂದು ಬರೆದು ಪಕ್ಕದಲ್ಲೇ ಆ ಬಣ್ಣದ ಒಂದು ಚುಕ್ಕೆ ಇಡಿ.

ಮಳೆಯ ಲೆಕ್ಕದಲ್ಲಿ ಕೆಲಸದ ಲೆಕ್ಕ

ಸ್ಪ್ರೇ ಪ್ರೈಮರ್, ಸ್ಪ್ರೇ ವಾರ್ನಿಶ್ ಎರಡಕ್ಕೂ ತೇವವೇ ಶತ್ರು. ದ್ರಾವಕ ಆವಿಯಾಗುವಾಗ ಗೊಂಬೆಯ ಮೈ ತಣ್ಣಗಾಗುತ್ತದೆ, ಗಾಳಿಯ ನೀರಾವಿ ಅಲ್ಲಿ ಕೂರುತ್ತದೆ, ಪದರ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ಗಾಳಿಯ ತೇವಾಂಶ ಶೇ. 70 ದಾಟಿದರೆ ಸ್ಪ್ರೇ ಕ್ಯಾನ್ ಕೆಳಗಿಡುವುದು ಒಳ್ಳೆಯ ನಿಯಮ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಆರಿದ್ರೆ ಹಿಡಿದಲ್ಲಿಂದ ಮಘೆ ಕಳೆದ ಮೇಲೂ, ಅದು ಶೇ. 90ರ ಸುತ್ತ ಇರುವ ದಿನಗಳೇ ಹೆಚ್ಚು. ಮೇಜಿನ ಮೇಲಿಡುವ ತೇವಾಂಶ ಮಾಪಕ ಕಡಿಮೆ ಬೆಲೆಗೆ ಸಿಗುತ್ತದೆ, ಒಂದು ಕೊಳ್ಳಿ.

ಹಾಗಾಗಿ ನವೆಂಬರಿನಿಂದ ಫೆಬ್ರವರಿ ಸ್ಪ್ರೇ ಕೆಲಸದ ಕಾಲ. ಅದರಲ್ಲೂ ಬೆಳಗ್ಗೆ ಎದ್ದ ಕೂಡಲೇ ಬೇಡ. ಮಂಜು ಕರಗಿ, ಅಂಗಳದ ಇಬ್ಬನಿ ಆರಿ, ಬಿಸಿಲು ಕಾಲೂರಿದ ಮೇಲೆ ಹತ್ತು ಹನ್ನೊಂದು ಗಂಟೆಗೆ ಶುರು ಮಾಡಿ. ಕ್ಯಾನನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಎರಡು ನಿಮಿಷ ಚೆನ್ನಾಗಿ ಕುಲುಕಿ, 20ರಿಂದ 30 ಸೆಂ.ಮೀ. ದೂರದಿಂದ ತೆಳುವಾಗಿ ಬೀಸಿ. ಕುದಿಯುವ ನೀರು, ಒಲೆಯ ಹತ್ತಿರ ಎಂದೂ ಬೇಡ, ಕ್ಯಾನ್ ಸಿಡಿಯುತ್ತದೆ.

ಮಾರ್ಚ್, ಏಪ್ರಿಲ್‌ನಲ್ಲಿ ಶಿವಮೊಗ್ಗ ಪೇಟೆಯ ಮಧ್ಯಾಹ್ನದ ಬಿಸಿಲಿಗೆ ತದ್ವಿರುದ್ಧ ತೊಂದರೆ. ಹನಿಗಳು ಗೊಂಬೆ ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ ಮರಳಿನಂತೆ ಕೂರುತ್ತವೆ. ಆಗ ಬೆಳಗಿನ ತಂಪು ಹೊತ್ತೇ ಸರಿ, ಸಂಜೆ ಗುಡುಗು ಮಳೆ ಬಂದರೂ ಅಷ್ಟರಲ್ಲಿ ಒಣಗಿರುತ್ತದೆ.

ಮೇ ಮುಗಿಯುವುದರೊಳಗೆ, ಮನೆಯಲ್ಲಿ ಮಳೆಗಾಲಕ್ಕೆ ಸೌದೆ ಕೂಡಿಹಾಕುವ ಹಾಗೆ, ನಾಲ್ಕು ತಿಂಗಳಿಗೆ ಆಗುವಷ್ಟು ಗೊಂಬೆಗಳಿಗೆ ಪ್ರೈಮರ್ ಹಾಕಿ ಇಟ್ಟುಕೊಳ್ಳಿ. ಈ ಒಂದು ಕೆಲಸ ಸರಿಯಾಗಿ ಆದರೆ ಮಲೆನಾಡಿನ ಮಳೆಗಾಲಕ್ಕಿಂತ ಒಳ್ಳೆಯ ಕಾಲ ಬಣ್ಣ ಹಚ್ಚುವವರಿಗೆ ಬೇರೆ ಇಲ್ಲ. ಹೊರಗೆ ಹೋಗುವ ಹಾಗಿಲ್ಲ, ಅಕ್ರಿಲಿಕ್ ಬಣ್ಣ ಕುಂಚದಲ್ಲೇ ಒಣಗಿ ಕಾಡುವುದಿಲ್ಲ, ಎರಡು ಬಣ್ಣವನ್ನು ಹಸಿಯಲ್ಲೇ ಬೆರೆಸಲು ಸಮಯ ಸಿಗುತ್ತದೆ. ವಾಶ್ ಮಾತ್ರ ಬಹಳ ಹೊತ್ತು ಹಸಿಯಾಗಿಯೇ ಇರುತ್ತದೆ. ಒಣಗಿತೆಂದು ಮೇಲೆ ಕುಂಚ ಎಳೆದರೆ ಕಲೆಯಾಗಿ ಏಳುತ್ತದೆ. ರಾತ್ರಿ ವಾಶ್ ಕೊಟ್ಟು ಮರುದಿನ ಮುಟ್ಟಿ. ಬೇಗ ಒಣಗಲೆಂದು ಬಚ್ಚಲೊಲೆಯ ಹತ್ತಿರ ಇಡಬೇಡಿ, ಹೊಗೆಯ ಮಸಿ ಬಣ್ಣದೊಳಗೆ ಕೂರುತ್ತದೆ. ಕರೆಂಟು ಹೋಗುವುದು ಖಚಿತ, ಚಾರ್ಜ್ ಆಗುವ ಎಲ್‌ಇಡಿ ದೀಪ ಇರಲಿ.

ಒದ್ದೆ ಪ್ಯಾಲೆಟ್ (ಬಣ್ಣ ಒಣಗದಂತೆ ಇಡುವ ತಟ್ಟೆ) ಬಳಸುವವರು ಗಮನಿಸಿ: ಮುಚ್ಚಳದ ಡಬ್ಬಿ, ಸ್ಪಂಜು, ಮೇಲೆ ಬಟರ್ ಪೇಪರ್ ಹಾಕಿ ಮನೆಯಲ್ಲೇ ಮಾಡಿಕೊಳ್ಳಬಹುದು, ಆದರೆ ಮಳೆಗಾಲದಲ್ಲಿ ಬೇಗ ಬೂಷ್ಟು ಬರುತ್ತದೆ. ಕುದಿಸಿ ಆರಿಸಿದ ನೀರು ಹಾಕಿ, ವಾರಕ್ಕೊಮ್ಮೆ ಸ್ಪಂಜು ತೊಳೆದು ಕಾಗದ ಬದಲಿಸಿ.

ಮಳೆಯ ನಡುವೆ ಪ್ರೈಮರ್ ಬೇಕೇಬೇಕಾದರೆ ಕುಂಚದಲ್ಲಿ ಹಚ್ಚುವ ಪ್ರೈಮರ್ ಬರುತ್ತದೆ, ವ್ಯಾಲೆಹೊ ಕಂಪನಿಯ ಸರ್ಫೇಸ್ ಪ್ರೈಮರ್ ಅಂಥದ್ದು. ತೆಳುವಾಗಿ ಎರಡು ಸಲ ಹಚ್ಚಿ ಎರಡು ದಿನ ಬಿಡಿ. ಅವಸರ ಮಾಡಿದರೆ ರಬ್ಬರಿನಂತೆ ಸುಲಿದು ಬರುತ್ತದೆ.

ಕೂತು ಬಣ್ಣ ಹಚ್ಚುವಾಗ

ಒಂದು ಸಲಕ್ಕೆ ಎಂಟು ಹತ್ತು ಗೊಂಬೆ ಸಾಕು. ಐಸ್‌ಕ್ರೀಂ ಕಡ್ಡಿಯ ಮೇಲೆ ಫೆವಿಕಾಲ್ ಚುಕ್ಕೆಯಿಟ್ಟು ಐದೈದು ನಿಲ್ಲಿಸಿಕೊಂಡರೆ ಹಿಡಿಯಲು ಸುಲಭ. ಎಲ್ಲಕ್ಕೂ ಚರ್ಮದ ಬಣ್ಣ, ಆಮೇಲೆ ಎಲ್ಲಕ್ಕೂ ಕೋಟು, ಆಮೇಲೆ ಪಟ್ಟಿ, ಹೀಗೆ ಒಳಗಿನಿಂದ ಹೊರಗೆ ಬನ್ನಿ. ನಲವತ್ತನ್ನು ಒಟ್ಟಿಗೆ ಹಿಡಿದರೆ ಒಂದು ಬಣ್ಣ ಮುಗಿಯುವುದರೊಳಗೆ ಮನಸ್ಸು ಬತ್ತಿಹೋಗುತ್ತದೆ.

ಪ್ರೈಮರ್ ಮಾತ್ರ ಆದವಕ್ಕೆ ವೇಗದ ದಾರಿಯಿದೆ. ಕಪ್ಪಿನ ಮೇಲೆ ಬೂದು ಡ್ರೈಬ್ರಶ್ (ಬಣ್ಣ ಬಹುತೇಕ ಒರೆಸಿದ ಕುಂಚವನ್ನು ಉಬ್ಬುಗಳ ಮೇಲೆ ಸವರುವುದು), ಮೇಲ್ಭಾಗಕ್ಕೆ ಬಿಳಿ ಡ್ರೈಬ್ರಶ್, ಅದರ ಮೇಲೆ ಸಿಟಡೆಲ್ ಬ್ರಾಂಡ್ 2019ರಲ್ಲಿ ತಂದ ಕಾಂಟ್ರಾಸ್ಟ್ ಅಥವಾ ಅದೇ ಬಗೆಯ ಪಾರದರ್ಶಕ ಬಣ್ಣ. ನೆರಳು ಬೆಳಕು ತಾನಾಗಿ ಬರುತ್ತದೆ. ಪಂಚೆ, ರುಮಾಲು, ಕುದುರೆಯ ಮೈಗೆ ಇದು ತುಂಬಾ ಚೆಂದ. ಚಪ್ಪಟೆಯಾದ ದೊಡ್ಡ ಜಾಗಗಳಲ್ಲಿ ಕಲೆ ಕಟ್ಟುತ್ತದೆ, ಅಲ್ಲಿ ಮಾಮೂಲಿ ಬಣ್ಣವೇ ಇರಲಿ.

ಟಿಪ್ಪುವಿನ ಪದಾತಿಯ ಹುಲಿಪಟ್ಟೆಯ ಅಂಗಿ ಎಷ್ಟೋ ಸೈನ್ಯಗಳನ್ನು ನಡುವೆ ನಿಲ್ಲಿಸಬಲ್ಲ ಕೆಲಸ. ನೇರಳೆ ಬಟ್ಟೆಯ ಮೇಲೆ ಬಿಳಿ ಗುರುತುಗಳು. ಪ್ರತಿ ಪಟ್ಟೆಯನ್ನೂ ಬಿಡಿಸಲು ಹೋಗಬೇಡಿ. ನೇರಳೆ ಮೂಲ ಬಣ್ಣ, ಗಾಢ ವಾಶ್, ಒಣಗಿದ ಮೇಲೆ ಅಡ್ಡಪಟ್ಟಿ ಮತ್ತು ಚೀಲ ಮುಗಿಸಿಬಿಡಿ. ಕಾಣುವ ಬಟ್ಟೆ ಅರ್ಧಕ್ಕೆ ಇಳಿಯುತ್ತದೆ. ಆಮೇಲೆ ಮೊನೆ ಚೂಪಾದ ಕುಂಚದಲ್ಲಿ ಮಾಸಲು ಬಿಳಿಯನ್ನು ಓರೆಯಾಗಿ ಒತ್ತಿ ಎತ್ತಿ, ಸಾಲು ಬಿಟ್ಟು ಸಾಲು. ಅಚ್ಚ ಬಿಳಿ ಬೇಡ, ಕಣ್ಣಿಗೆ ಕುಕ್ಕುತ್ತದೆ. ತೋಳಿಗೆ ಆರೇಳು, ಎದೆಗೆ ಹತ್ತು ಒತ್ತು ಬಿದ್ದರೆ ಮೇಜಿನ ದೂರಕ್ಕೆ ಹುಲಿಪಟ್ಟೆ ಎದ್ದು ಕಾಣುತ್ತದೆ.

ಬಣ್ಣ ಕೀಳಬೇಕಾದವು

ಗಟ್ಟಿ ಪ್ಲಾಸ್ಟಿಕ್ಕಿಗೂ ಲೋಹಕ್ಕೂ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ಕೆಲವು ಗಂಟೆ ಮುಳುಗಿಸಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ, ಸೋಪು ನೀರಿನಲ್ಲಿ ತೊಳೆಯಿರಿ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ. ರೆಸಿನ್ ಗೊಂಬೆಯಾದರೆ ಒಂದನ್ನು ಸ್ವಲ್ಪ ಹೊತ್ತು ಪರೀಕ್ಷಿಸಿ ನೋಡಿ, ಹೆಚ್ಚು ಹೊತ್ತು ನೆನೆದರೆ ಬಿರಿಯಬಹುದು. ಈ ದ್ರವ ಬೆಂಕಿಗೆ ಬೇಗ ಹೊತ್ತಿಕೊಳ್ಳುತ್ತದೆ, ಬಾಗಿಲು ಕಿಟಕಿ ತೆರೆದಿಡಬಹುದಾದ ಬೇಸಿಗೆಯಲ್ಲಿ, ಒಲೆ ದೀಪದಿಂದ ದೂರ ಮಾಡಿ. ತೆಳುವಾಗಿ ಹಚ್ಚಿ ಬಣ್ಣ ಸರಿಹೋಗದ ಗೊಂಬೆಗೆ ಇಷ್ಟೆಲ್ಲ ಬೇಡ, ಮೇಲೆಯೇ ಪುನಃ ಹಚ್ಚಿ.

ಬೇಸ್, ವಾರ್ನಿಶ್

ಬೇರೆ ಬೇರೆ ವರ್ಷದಲ್ಲಿ ಬಳಿದ ಗೊಂಬೆಗಳನ್ನು ಒಂದೇ ಸೈನ್ಯವಾಗಿಸುವುದು ಬೇಸು. ನಗರದ ಕಾಳಗಕ್ಕೆ ಮರುಭೂಮಿಯ ಹಳದಿ ಮರಳು ಹೊಂದದು. ಮನೆ ಹಿತ್ತಲಿನ ಕೆಮ್ಮಣ್ಣು, ಜಂಬಿಟ್ಟಿಗೆ ಪುಡಿಯನ್ನು ಜರಡಿ ಹಿಡಿದು, ಹಳೆಯ ಬಾಣಲೆಯಲ್ಲಿ ಚೆನ್ನಾಗಿ ಹುರಿದು, ನೀರು ಬೆರೆಸಿದ ಫೆವಿಕಾಲ್ ಮೇಲೆ ಉದುರಿಸಿ. ಹುರಿಯದ ಮಣ್ಣು ಮುಂದಿನ ಆಷಾಢಕ್ಕೆ ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ತೆಳು ಫೆವಿಕಾಲ್ ನೀರನ್ನು ಇನ್ನೊಮ್ಮೆ ಹನಿಸಿ ಮಣ್ಣನ್ನು ಕಟ್ಟಿಹಾಕಿ, ತಿಳಿ ಕಂದಿನಲ್ಲಿ ಡ್ರೈಬ್ರಶ್ ಮಾಡಿ. ಹುಲ್ಲಿಗೆ ಕತ್ತರಿಸಿ ಬಣ್ಣ ಕಂಡ ತೆಂಗಿನ ನಾರು ಸಾಕು. ನಿಜವಾದ ಪಾಚಿ ಎಷ್ಟು ಚೆಂದ ಕಂಡರೂ ಬೇಡ. ಎಲ್ಲ ಬೇಸುಗಳ ಅಂಚಿಗೆ ಒಂದೇ ಕಂದು.

ಲೋಹದ ಗೊಂಬೆಗೆ, ಕೈಯಲ್ಲಿ ಹೆಚ್ಚು ಓಡಾಡುವವಕ್ಕೆ ಮೊದಲು ಗ್ಲಾಸ್ (ಹೊಳಪಿನ) ವಾರ್ನಿಶ್, ಅದು ಒಣಗಿದ ಮೇಲೆ ಮ್ಯಾಟ್ (ಹೊಳಪಿಲ್ಲದ್ದು). ಮಳೆಗಾಲದಲ್ಲಿ ಮುಗಿದವಕ್ಕೆ ಕುಂಚದಲ್ಲಿ ಹಚ್ಚುವ ವಾರ್ನಿಶ್ ಬಳಸಿ, ಇಲ್ಲವೇ ನವೆಂಬರ್‌ವರೆಗೆ ಕಾಯಿಸಿ. ಮ್ಯಾಟ್ ಸ್ಪ್ರೇ ಬೆಳ್ಳಗಾಗಿಬಿಟ್ಟರೆ ಅದರ ಮೇಲೆ ಕುಂಚದಲ್ಲಿ ಗ್ಲಾಸ್ ಎಳೆಯಿರಿ, ಹೆಚ್ಚಿನ ಸಲ ಬಣ್ಣ ಮರಳಿ ಕಾಣುತ್ತದೆ. ಒಣ ದಿನ ನೋಡಿ ಮತ್ತೆ ಮ್ಯಾಟ್ ಕೊಡಿ.

ಮುಗಿದದ್ದನ್ನು ಇಡುವುದು

ಬೇಸಿನ ಅಡಿಗೆ ಸಣ್ಣ ಆಯಸ್ಕಾಂತ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ತಗಡಿನ ಹಾಳೆ. ಗೊಂಬೆ ನಿಂತೇ ಇರುತ್ತದೆ, ಸ್ಪಂಜಿನ ಸಹವಾಸ ತಪ್ಪುತ್ತದೆ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುವುದರಿಂದ ಕಿತ್ತಳೆ ಬಣ್ಣದ್ದು ಸಿಕ್ಕರೆ ಅದನ್ನೇ ಕೊಳ್ಳಿ. ಬಣ್ಣ ತಿರುಗಿದಾಗ ಬದಲಿಸಿ. ಡಬ್ಬಿಯನ್ನು ನೆಲಕ್ಕೂ ಹೊರಗೋಡೆಗೂ ತಾಗಿಸಬೇಡಿ, ಕಾರ್ಡ್‌ಬೋರ್ಡ್ ಪೆಟ್ಟಿಗೆಯಲ್ಲಂತೂ ಬೇಡ, ಗೆದ್ದಲು ಬರುತ್ತದೆ. ಆ ತುಕಡಿಯ ಬಣ್ಣದ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮುಚ್ಚಳದ ಒಳಗೆ ಅಂಟಿಸಿ. ಆಡುವಾಗ ಬಂದೂಕಿನ ಮೊನೆಯಲ್ಲೋ ರುಮಾಲಿನ ಅಂಚಿನಲ್ಲೋ ಬಣ್ಣ ಕಿತ್ತರೆ ಅದೇ ಚೀಟಿ ನೋಡಿ ಆ ರಾತ್ರಿಯೇ ಸರಿಮಾಡಬಹುದು.